ಸಾಲ ವಸೂಲಿಯ ದೂರವಾಣಿ ಕರೆಗಳು: ಅಂಜಬೇಕಾದುದೆಷ್ಟು, ಅಂಜಬಾರದುದೆಷ್ಟು?

ಮಹಾನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಸಾಲದ ಸಂಪರ್ಕವೇ ಇಲ್ಲದ ಸಂಸಾರಗಳು ವಿರಳ. ಮನೆಯ ಕಂತು, ಮಕ್ಕಳ ವಿದ್ಯಾಭ್ಯಾಸ, ಊರಿನ ಮನೆಯ ದುರಸ್ತಿ, ಹಠಾತ್ತನೆ ಒದಗಿದ ಶಸ್ತ್ರಚಿಕಿತ್ಸೆ, ಹೀಗೆ ಯಾವುದಾದರೊಂದು ಕಾರಣದಿಂದ ಸಾಲ ಮಾಡಬೇಕಾಗುತ್ತದೆ. ಮಾಡಿದ ಸಾಲವನ್ನು ತೀರಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ ತೀರಿಸುವ ಹೊಣೆ ಬೇರೆ. ಸಾಲದ ನೆಪದಲ್ಲಿ ಮಾನವನ್ನು ಹರಾಜಿಗಿಡುವುದು ಬೇರೆ. ಇವೆರಡರ ನಡುವಣ ಗೆರೆಯನ್ನು ಅರಿಯದ ಕಾರಣ ಎಷ್ಟೋ ಮಂದಿ ನಿದ್ರೆಯನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಿದ್ದಾರೆ. ಆ ಗೆರೆಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನನಗೆ ಪರಿಚಿತರಾದ ಗೃಹಸ್ಥರೊಬ್ಬರು ಮುಂಬಯಿಯ ಉಪನಗರವೊಂದರಲ್ಲಿ ಬಹುಕಾಲದಿಂದ ವಾಸವಾಗಿದ್ದಾರೆ. ಪತ್ನಿಯ ಚಿಕಿತ್ಸೆಗೆಂದು ಸಾಲ ಮಾಡಿ, ಎರಡು ವರ್ಷ ತಪ್ಪದೆ ಕಂತು ಕಟ್ಟಿದ್ದರು. ಅಷ್ಟರಲ್ಲಿ ಅವರು ಲೆಕ್ಕ ಬರೆಯುತ್ತಿದ್ದ ಕಾರ್ಖಾನೆ ಮುಚ್ಚಿತು. ಮೂರನೆಯ ಕಂತು ತಪ್ಪಿದ ಮೇಲೆ ಕರೆಗಳು ಆರಂಭವಾದವು. ಬೆಳಗಿನ ಆರೂವರೆಗೆ ಮೊದಲನೆಯದು, ರಾತ್ರಿ ಹತ್ತಕ್ಕೆ ಕೊನೆಯದು. ಪ್ರತಿ ಸಲವೂ ಬೇರೆ ಬೇರೆ ಸಂಖ್ಯೆ, ಅದೇ ಬೈಗುಳ. ಅನಂತರ ನೆರೆಮನೆಯವರಿಗೂ ಕರೆ ಹೋಯಿತು. ಕೊನೆಗೊಂದು ದಿನ ಊರಿನಲ್ಲಿದ್ದ ತಮ್ಮನ ಫೋನಿಗೆ ಬಂದ ಕರೆಯನ್ನು ಎಂಬತ್ತರ ವೃದ್ಧ ತಾಯಿ ಎತ್ತಿಕೊಂಡರು. ಮಗನನ್ನು ಪೊಲೀಸರು ಎಳೆದೊಯ್ಯುತ್ತಾರೆಂದು ಆಕೆಗೆ ಹೇಳಲಾಯಿತು. ಅಂದಿನಿಂದ ಈ ಗೃಹಸ್ಥರು ಫೋನನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಮುಚ್ಚತೊಡಗಿದರು. ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನೂ ನಿಲ್ಲಿಸಿದರು. ಯಾರಿಗೂ ಏನನ್ನೂ ಹೇಳಲಿಲ್ಲ.

ಪೀಡಕನ ಬಲವಿರುವುದು ಈ ಮೌನದಲ್ಲಿಯೇ ಎಂಬುದನ್ನು ಮೊದಲು ಮನಗಾಣಬೇಕು.

ಕರೆ ಮಾಡುವವನು ಯಾರು?

ಕರೆ ಮಾಡುವವನು ಸಾಮಾನ್ಯವಾಗಿ ಬ್ಯಾಂಕಿನ ನೌಕರನಲ್ಲ. ಬ್ಯಾಂಕು ವಸೂಲಿಯ ಕೆಲಸವನ್ನು ಏಜೆನ್ಸಿಗೆ ಒಪ್ಪಿಸಿರುತ್ತದೆ. ವಸೂಲಾದ ಮೊತ್ತಕ್ಕೆ ತಕ್ಕಂತೆ ಏಜೆನ್ಸಿಗೆ ಕಮಿಷನ್ ದೊರೆಯುವುದೂ ಉಂಟು. ನಿಮ್ಮ ಕಷ್ಟವನ್ನು ಕೇಳಿ ಕಂತಿನ ಅವಧಿಯನ್ನು ಹೆಚ್ಚಿಸುವ ಅಧಿಕಾರ ಅವನಿಗಿಲ್ಲ. ಆದುದರಿಂದ ಅವನೊಡನೆ ಅಂಗಲಾಚುವುದೂ ಜಗಳವಾಡುವುದೂ ಸಮಾನವಾಗಿ ನಿಷ್ಫಲ. ಆದರೆ ಏಜೆಂಟನು ಮಾಡಿದ ತಪ್ಪಿಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆಯೆಂದು ರಿಸರ್ವ್ ಬ್ಯಾಂಕು ಸ್ಪಷ್ಟಪಡಿಸಿದೆ. ಮಾತನಾಡಬೇಕಾದುದು ಆ ಸಂಸ್ಥೆಯೊಡನೆ, ಅದೂ ಬರಹದ ಮೂಲಕ.

ನಿಯಮಗಳು ಏನನ್ನುತ್ತವೆ?

2022ರ ಆಗಸ್ಟ್ 12ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ಬಾಕಿ ಸಾಲದ ವಸೂಲಿಗಾಗಿ ಬೆಳಿಗ್ಗೆ 8 ಗಂಟೆಗೆ ಮುನ್ನ ಮತ್ತು ಸಂಜೆ 7 ಗಂಟೆಯ ತರುವಾಯ ಕರೆ ಮಾಡುವುದನ್ನು ನಿಷೇಧಿಸಿತು. ಬೆದರಿಸುವುದು, ಸಾರ್ವಜನಿಕವಾಗಿ ಅವಮಾನಿಸುವುದು, ಸಾಲಗಾರನ ಮನೆಯವರ, ಮಿತ್ರರ ಮತ್ತು ಪರಿಚಯಕ್ಕೆಂದು ಹೆಸರು ಕೊಟ್ಟವರ ಖಾಸಗಿ ಬದುಕಿನಲ್ಲಿ ತಲೆಹಾಕುವುದು, ಅನುಚಿತ ಸಂದೇಶ ಕಳುಹಿಸುವುದು, ಹೆಸರು ಹೇಳದೆ ಕರೆ ಮಾಡುವುದು, ಸುಳ್ಳು ಹೇಳಿ ದಾರಿ ತಪ್ಪಿಸುವುದು, ಇವೆಲ್ಲವೂ ಅದೇ ಸುತ್ತೋಲೆಯ ಪ್ರಕಾರ ಸಲ್ಲದ ಕಾರ್ಯಗಳು. ಮೇಲಿನ ಗೃಹಸ್ಥರ ವಿಷಯದಲ್ಲಿ ಇವುಗಳಲ್ಲಿ ಬಹುತೇಕ ಎಲ್ಲವೂ ನಡೆದಿದ್ದವೆಂಬುದನ್ನು ಓದುಗರು ಗಮನಿಸಬಹುದು.

ಸೆರೆಮನೆಯ ಬೆದರಿಕೆ

ಸಾಲ ತೀರಿಸಲಾಗದುದು ಸಿವಿಲ್ ವ್ಯಾಜ್ಯದ ವಿಷಯವೇ ಹೊರತು ತನ್ನಷ್ಟಕ್ಕೆ ಅಪರಾಧವಲ್ಲ. ಕಂತು ತಪ್ಪಿದ ಮಾತ್ರಕ್ಕೆ ಪೊಲೀಸರು ಮನೆಗೆ ಬಂದು ಬಂಧಿಸುವಂತಿಲ್ಲ. ಕೇವಲ ಬಡತನದಿಂದಾಗಿ ಸಾಲ ತೀರಿಸಲಾಗದವನನ್ನು ಸೆರೆಗೆ ತಳ್ಳುವುದು ನ್ಯಾಯವಲ್ಲವೆಂದು 1980ರಲ್ಲಿಯೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವನ ಮಾತು ಬೇರೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂತಿರುಗಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಡಿ ಶಿಕ್ಷೆಯಾಗಬಹುದು. ಸುಳ್ಳು ದಾಖಲೆ ಕೊಟ್ಟು ಸಾಲ ಪಡೆದಿದ್ದರೆ ಅದೂ ಅಪರಾಧವೇ. ಆದಕಾರಣ ನ್ಯಾಯಾಲಯದಿಂದಾಗಲಿ ವಕೀಲರಿಂದಾಗಲಿ ಬಂದ ನೋಟೀಸನ್ನು ಎಂದಿಗೂ ಅಲಕ್ಷಿಸಬಾರದು. ಫೋನಿನ ಬೆದರಿಕೆಗೆ ಅಂಜಬೇಕಿಲ್ಲ. ಅಂಚೆಯಲ್ಲಿ ಬಂದ ಕಾಗದವನ್ನು ಮಾತ್ರ ಒಡೆದು ಓದಲೇಬೇಕು.

ಮಾಡಬೇಕಾದುದೇನು?

ಮೊದಲನೆಯದಾಗಿ, ಒಂದು ನೋಟುಪುಸ್ತಕದಲ್ಲಿ ಪ್ರತಿಯೊಂದು ಕರೆಯ ದಿನಾಂಕ, ವೇಳೆ, ಸಂಖ್ಯೆ, ಕರೆದವನ ಹೆಸರು ಮತ್ತು ಆಡಿದ ಮಾತನ್ನು ಬರೆದಿಡಿ. ಸಾಧ್ಯವಾದರೆ ಧ್ವನಿಮುದ್ರಿಸಿಕೊಳ್ಳಿ, ಸಂದೇಶಗಳನ್ನು ಅಳಿಸಬೇಡಿ.

ಎರಡನೆಯದಾಗಿ, ಕರೆದವನ ಹೆಸರು, ಏಜೆನ್ಸಿ ಮತ್ತು ಬ್ಯಾಂಕು ಕೊಟ್ಟ ಅಧಿಕಾರಪತ್ರದ ವಿವರ ಕೇಳಿ. ಹೇಳಲೊಲ್ಲದವನೊಡನೆ ಮಾತು ಬೆಳೆಸದೆ ಫೋನನ್ನು ಕೆಳಗಿಡಿ.

ಮೂರನೆಯದಾಗಿ, ಬ್ಯಾಂಕಿನ ದೂರು ವಿಭಾಗಕ್ಕೆ ಪತ್ರ ಬರೆಯಿರಿ. ಸಾಲದ ಖಾತೆಯ ಸಂಖ್ಯೆ, ಕಂತು ತಪ್ಪಿದ ಕಾರಣ, ಸದ್ಯಕ್ಕೆ ಪ್ರತಿ ತಿಂಗಳು ಕೊಡಬಲ್ಲ ಮೊತ್ತ, ಪೀಡಕ ಕರೆಗಳ ಪಟ್ಟಿ, ಈ ನಾಲ್ಕು ಅದರಲ್ಲಿದ್ದರೆ ಸಾಕು. ಸ್ವೀಕೃತಿಯನ್ನು ಜೋಪಾನವಾಗಿಡಿ. 30 ದಿನಗಳೊಳಗೆ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ಸಮರ್ಪಕವಾಗಿರದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮಾಹಿತಿಗೆ 14448 ಸಂಖ್ಯೆಯಿದೆ.

ನಾಲ್ಕನೆಯದಾಗಿ, ಜೀವಬೆದರಿಕೆ ಅಥವಾ ಹೆಂಗಸರ ಬಗ್ಗೆ ಅಶ್ಲೀಲ ಮಾತು ಬಂದರೆ 30 ದಿನ ಕಾಯಬೇಕಾಗಿಲ್ಲ. ಪೊಲೀಸ್ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಬೆದರಿಕೆಯನ್ನು ಶಿಕ್ಷಾರ್ಹವೆನ್ನುತ್ತದೆ.

ಐದನೆಯದಾಗಿ, ಹಣವನ್ನು ಸಾಲದ ಖಾತೆಗೇ ಕಟ್ಟಿ, ರಸೀದಿ ಪಡೆಯಿರಿ. ಏಜೆಂಟನ ಸ್ವಂತ ಖಾತೆಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.

ಪರಿಚಯದವರು, ಜಾಮೀನುದಾರರು ಮತ್ತು ಆ್ಯಪ್ ಸಾಲಗಳು

ಸಾಲದ ಅರ್ಜಿಯಲ್ಲಿ ಪರಿಚಯಕ್ಕೆಂದು ಯಾರ ಹೆಸರನ್ನು ಬರೆದಿದೆಯೋ ಅವರು ಸಾಲಕ್ಕೆ ಹೊಣೆಯಲ್ಲ. ಆದರೆ ಜಾಮೀನಿಗೆ ಸಹಿ ಹಾಕಿದವರು, 1872ರ ಕರಾರು ಕಾಯಿದೆಯ ಪ್ರಕಾರ, ಸಾಲಗಾರನಷ್ಟೇ ಹೊಣೆಗಾರರು. ಸ್ನೇಹದ ದಾಕ್ಷಿಣ್ಯಕ್ಕೆ ಸಹಿ ಹಾಕುವ ಮುನ್ನ ಇದನ್ನು ನೆನೆಯುವುದು ಲೇಸು. ತೀರಿಕೊಂಡವರ ಸಾಲಕ್ಕೆ ವಾರಸುದಾರರ ಹೊಣೆ ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ.

ಮೊಬೈಲಿನ ಆ್ಯಪ್‌ಗಳ ಮೂಲಕ ಕ್ಷಣಾರ್ಧದಲ್ಲಿ ದೊರೆಯುವ ಸಾಲಗಳ ಬಗ್ಗೆ ವಿಶೇಷ ಜಾಗರೂಕತೆ ಬೇಕು. ಸಾಲದ ಆ್ಯಪ್ ನಿಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನೂ ಚಿತ್ರಗಳನ್ನೂ ಮುಟ್ಟಕೂಡದೆಂದು 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ವಿಧಿಸಿತು. ಅದನ್ನು ಮುಟ್ಟಿ, ಚಿತ್ರ ತಿರುಚಿ ಬೆದರಿಸುವವರು ವಂಚಕರೆಂದೇ ತಿಳಿದು 1930 ಸಂಖ್ಯೆಗೆ ದೂರು ಕೊಡಿ. ಊರಿನಲ್ಲಿ ಕಿರುಸಾಲದ ಕಾಟಕ್ಕೆ ಸಿಲುಕಿದ ಬಂಧುಗಳಿದ್ದರೆ, ಕರ್ನಾಟಕ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದ ಸಂಗತಿಯನ್ನು ಅವರಿಗೆ ತಿಳಿಸಿರಿ.

ದೇಹ, ಮನಸ್ಸುಗಳ ಮಾತು

ಫೋನಿನ ಸದ್ದಿಗೇ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಊಟ ಸೇರದಿರುವುದು, ನಡುರಾತ್ರಿ ಎಚ್ಚರವಾಗುವುದು, ಇವು ಹೇಡಿತನದ ಲಕ್ಷಣಗಳಲ್ಲ. ಅಪಾಯವನ್ನು ಕಂಡಾಗ ದೇಹವು ಸ್ರವಿಸುವ ರಸಗಳು ದಿನಕ್ಕೆ ಹತ್ತಾರು ಬಾರಿ ಸ್ರವಿಸಿದಾಗ ಹೀಗಾಗುವುದು ಸಹಜ. ಮಧುಮೇಹ, ರಕ್ತದೊತ್ತಡ ಇರುವವರಿಗೆ ಇದರಿಂದ ಹೆಚ್ಚಿನ ಕೇಡು. ಹಣದ ಮುಗ್ಗಟ್ಟಿನಲ್ಲಿ ಔಷಧವನ್ನು ನಿಲ್ಲಿಸುವುದು ದೊಡ್ಡ ತಪ್ಪು. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಆ ಕ್ಷಣವೇ ಮನೆಯವರಲ್ಲಿ ಹೇಳಬೇಕು. ಇಲ್ಲವೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವುಳ್ಳ ಈ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಲಭ್ಯ.

ನಮ್ಮ ಗೃಹಸ್ಥರ ಮಾತಿಗೆ ಮರಳೋಣ. ಒಂದು ಸಂಜೆ ಅವರ ಮಗಳು ಅನ್ನಕ್ಕಿಡಲು ಹೋಗಿ ಅಕ್ಕಿಯ ನಡುವೆ ಫೋನನ್ನು ಕಂಡಳು. ಅಂದು ರಾತ್ರಿ ತಂದೆಯೂ ಮಗಳೂ ಕುಳಿತು ಬ್ಯಾಂಕಿಗೆ ಪತ್ರ ಬರೆದರು. ಕರೆಗಳ ಪಟ್ಟಿ ಎರಡು ಪುಟ ತುಂಬಿತ್ತು. ಬ್ಯಾಂಕಿನ ಅಧಿಕಾರಿ ಅವರನ್ನು ಕರೆಯಿಸಿ ಮಾತನಾಡಿದರು. ಕಂತು ಕಿರಿದಾಯಿತು, ಅವಧಿ ಹಿರಿದಾಯಿತು, ಹೊತ್ತಲ್ಲದ ಹೊತ್ತಿನ ಕರೆಗಳು ನಿಂತವು. ಸಾಲವೇನೂ ಮಾಯವಾಗಲಿಲ್ಲ, ಅದನ್ನು ಅವರು ಈಗಲೂ ತೀರಿಸುತ್ತಿದ್ದಾರೆ. ಆದರೆ ಕಳೆದ ಯುಗಾದಿಯಂದು ಸಂಘಕ್ಕೆ ಬಂದು, ನಮ್ಮೆಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಬೇವು ಬೆಲ್ಲ ತೆಗೆದುಕೊಂಡರು.

ಊರು ಬಿಟ್ಟು ಬಂದ ನಮಗೆ ಇಲ್ಲಿ ನಾವೇ ಬಂಧುಗಳು. ಬಹುದಿನಗಳಿಂದ ಕಾಣಿಸದ ಸದಸ್ಯರು ಯಾರಾದರೂ ಇದ್ದರೆ ಅವರ ಮನೆಗೆ ಒಮ್ಮೆ ಹೋಗಿ ಬರೋಣ. ಅವರಿಗೆ ಬೇಕಾದುದು ಹಣವಲ್ಲದೆ, ಪತ್ರ ಬರೆಯುವಾಗ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು ಮಾತ್ರ ಆಗಿರಬಹುದು.