ರಕ್ತದ ಹೆಪ್ಪು ಮತ್ತು ಹೃದಯದ ಶಸ್ತ್ರಚಿಕಿತ್ಸೆ

ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೆಂಗಿನ ತೋಟಗಳಲ್ಲಿ ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತೊಯ್ದವರು ಈ ದೃಶ್ಯವನ್ನು ಕಂಡಿರಬಹುದು. ವೈದ್ಯರು ರೋಗಿಯ ತೋಳಿನಿಂದ ಎರಡು ಮಿಲಿಲೀಟರಿನಷ್ಟು ರಕ್ತವನ್ನು ತೆಗೆದು, ಒಣಗಿದ ಶುಭ್ರವಾದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸುತ್ತಾರೆ. ಬಳಿಕ ನಳಿಕೆಯನ್ನು ಬಾಗಿಸಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ನಿಂತಿದ್ದರೆ ಆ ಮಟ್ಟಿಗೆ ಸಮಾಧಾನ. ನೀರಿನಂತೆ ಹರಿದರೆ ಕೊಳಕುಮಂಡಲದಂತಹ ಹಾವಿನ ವಿಷವು ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕಸಿದಿದೆ ಎಂದರ್ಥ; ಪ್ರತಿವಿಷ ಕೊಡಲು ತಡಮಾಡುವುದಿಲ್ಲ. ವಿದ್ಯುತ್ತು ಬೇಡ, ಪ್ರಯೋಗಾಲಯ ಬೇಡ. ಒಂದು ಗಾಜಿನ ನಳಿಕೆ ಮತ್ತು ಒಂದು ಗಡಿಯಾರ ಸಾಕು.

ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಮಾಡುವ ಇಂತಹ ಪರೀಕ್ಷೆಯ ಸುಧಾರಿತ ರೂಪಗಳು ಇಂದು ಹೃದಯ ಶಸ್ತ್ರಚಿಕಿತ್ಸೆಯ ಕೊಠಡಿಯೊಳಗೆ ಬಂದಿವೆ. ಅವುಗಳನ್ನು ಕುರಿತು ಬರೆಯಲು ಕಾರಣವಿದೆ. ಚಿತ್ರದುರ್ಗ, ಹಿರಿಯೂರು ಕಡೆಯ ಅನೇಕ ಕುಟುಂಬಗಳು ತೆರೆದ ಹೃದಯದ ಶಸ್ತ್ರಚಿಕಿತ್ಸೆಗಾಗಿ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗುತ್ತವೆ. ಅಲ್ಲಿಯ ಹೃದ್ರೋಗ ಸಂಸ್ಥೆಯೊಂದಕ್ಕೆ ಚಿತ್ರದುರ್ಗದ ಬೃಹನ್ಮಠದ ಲಿಂಗೈಕ್ಯ ಶ್ರೀ ಜಯದೇವ ಜಗದ್ಗುರುಗಳ ಹೆಸರೇ ಇರುವುದು ನಮ್ಮ ಓದುಗರಿಗೆ ತಿಳಿದ ಸಂಗತಿ. ‘ರಕ್ತ ಕೊಡುವವರನ್ನು ಕರೆಸಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಊರಿಗೆ ಫೋನು ಹೋಗುತ್ತದೆ. ತಮ್ಮ, ಅಳಿಯ, ಪಕ್ಕದ ಮನೆಯ ಹುಡುಗ ರಾತ್ರಿಯ ಬಸ್ಸು ಹತ್ತುತ್ತಾರೆ. ಬಾಗಿಲ ಹೊರಗೆ ಕುಳಿತವರ ಮನಸ್ಸಿನಲ್ಲಿ ಮಾತ್ರ ಒಂದು ಭಯ ಕೊರೆಯುತ್ತಲೇ ಇರುತ್ತದೆ: ಇಷ್ಟೊಂದು ರಕ್ತವೇಕೆ? ಒಳಗೆ ಏನಾದರೂ ತಪ್ಪಾಯಿತೇ?

ತಪ್ಪಾಗಿರಬೇಕೆಂದೇನಿಲ್ಲ. ಕವಾಟ ಬದಲಿಸುವಂತಹ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನು ಕೆಲಕಾಲ ನಿಲ್ಲಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ರಕ್ತವನ್ನು ಹೊರಗೆ ತಂದು, ಆಮ್ಲಜನಕ ಬೆರೆಸಿ, ದೇಹಕ್ಕೆ ಮರಳಿ ದೂಡುವುದು ಹೃದಯ-ಶ್ವಾಸಕೋಶ ಯಂತ್ರ. 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಇಂತಹ ಯಂತ್ರವನ್ನು ಬಳಸಿ ಹೃದಯದೊಳಗಿನ ರಂಧ್ರವೊಂದನ್ನು ಯಶಸ್ವಿಯಾಗಿ ಮುಚ್ಚಿದರು. ಆದರೆ ರಕ್ತವು ಪ್ಲಾಸ್ಟಿಕ್ ಕೊಳವೆಯನ್ನು ಮುಟ್ಟಿದೊಡನೆ ಹೆಪ್ಪುಗಟ್ಟಲು ತೊಡಗುತ್ತದೆ. ಯಂತ್ರದೊಳಗೆ ಹೆಪ್ಪುಗಟ್ಟಿದರೆ ರೋಗಿ ಉಳಿಯಲಾರ. ಆದಕಾರಣ ಮೊದಲೇ ಹೆಪಾರಿನ್ ಎಂಬ ಔಷಧವನ್ನು ಕೊಟ್ಟು ಹೆಪ್ಪುಗಟ್ಟುವುದನ್ನು ತಡೆಯುತ್ತಾರೆ. ಶಸ್ತ್ರಕ್ರಿಯೆ ಮುಗಿದ ಮೇಲೆ ಪ್ರೋಟಮಿನ್ ಎಂಬ ಇನ್ನೊಂದು ಔಷಧದಿಂದ ಹೆಪಾರಿನ್ನಿನ ಪ್ರಭಾವವನ್ನು ಅಳಿಸುತ್ತಾರೆ.

ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತಯಾರಾಗುತ್ತದೆ, ಪ್ರೋಟಮಿನ್ ಸಾಲ್ಮನ್ ಜಾತಿಯ ಮೀನಿನಿಂದ. ಲಿಂಗಧಾರಿಗಳಾದ ನಮ್ಮ ಓದುಗರಲ್ಲಿ ಕೆಲವರಿಗೆ ಇದು ಮುಜುಗರ ತಂದೀತು. ಆದರೂ ಮುಚ್ಚಿಡುವುದಕ್ಕಿಂತ ಹೇಳುವುದೇ ಲೇಸು. ಜೀವ ಉಳಿಸುವ ಔಷಧವನ್ನು ಊಟದ ನಿಯಮದಿಂದ ಅಳೆಯಬಾರದೆಂಬುದು ನಮ್ಮ ನಿಲುವು.

ಹೆಪಾರಿನ್ ಎಷ್ಟು ಕೊಟ್ಟರೆ ಸಾಕು? ಒಬ್ಬೊಬ್ಬರ ದೇಹ ಒಂದೊಂದು ರೀತಿ ಪ್ರತಿಕ್ರಿಯಿಸುವುದರಿಂದ ತೂಕವೊಂದನ್ನೇ ನೋಡಿ ನಿರ್ಧರಿಸಲಾಗದು. ಇಲ್ಲಿ ಬರುವುದು ಮೊದಲನೆಯ ಪರೀಕ್ಷೆ. ವೈದ್ಯರು ಇದನ್ನು ಎ.ಸಿ.ಟಿ. ಎನ್ನುತ್ತಾರೆ, 1966ರಲ್ಲಿ ಪಾಲ್ ಹ್ಯಾಟರ್ಸ್ಲಿ ಎಂಬ ವೈದ್ಯರು ಇದನ್ನು ವಿವರಿಸಿದರು. ತುಸು ರಕ್ತವನ್ನು ಹೆಪ್ಪನ್ನು ಪ್ರಚೋದಿಸುವ ಪುಡಿಯಿರುವ ನಳಿಕೆಗೆ ಹಾಕಿ, ಎಷ್ಟು ಸೆಕೆಂಡಿಗೆ ಗಟ್ಟಿಯಾಯಿತೆಂದು ಯಂತ್ರ ಎಣಿಸುತ್ತದೆ. ಆರೋಗ್ಯವಂತರಲ್ಲಿ ಇದು ಸುಮಾರು 100ರಿಂದ 120 ಸೆಕೆಂಡು. ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸುವ ಮುನ್ನ ಇದು 400 ಸೆಕೆಂಡನ್ನು ದಾಟಿರಬೇಕು. 480 ಬೇಕೆನ್ನುವ ಆಸ್ಪತ್ರೆಗಳೂ ಉಂಟು. ಶಸ್ತ್ರಕ್ರಿಯೆ ನಡೆದಿರುವಾಗಲೂ ಮತ್ತೆ ಮತ್ತೆ ಇದನ್ನು ನೋಡುತ್ತಿರುತ್ತಾರೆ. ಇದು ಹೊಸದೇನಲ್ಲ, ಹೃದಯ ಶಸ್ತ್ರಚಿಕಿತ್ಸೆಯ ದಿನಚರಿಯೇ ಆಗಿದೆ.

ಕಷ್ಟವಿರುವುದು ಕೊನೆಯ ಘಟ್ಟದಲ್ಲಿ. ಪ್ರೋಟಮಿನ್ ಕೊಟ್ಟಾಯಿತು, ಆದರೂ ಎದೆಯೊಳಗೆ ರಕ್ತ ಒಸರುತ್ತಲೇ ಇದೆ. ಹೆಪಾರಿನ್ ಇನ್ನೂ ಉಳಿದಿರಬಹುದು. ಯಂತ್ರದೊಳಗೆ ಸುತ್ತಿ ಸುತ್ತಿ ಪ್ಲೇಟ್‌ಲೆಟ್ಟುಗಳು ಸೊರಗಿರಬಹುದು. ಹೆಪ್ಪಿಗೆ ನೂಲಾಗುವ ಫೈಬ್ರಿನೋಜನ್ ಎಂಬ ಪ್ರೋಟೀನು ತೆಳುವಾಗಿರಬಹುದು. ಕಟ್ಟಿದ ಹೆಪ್ಪು ಬೇಗನೆ ಕರಗುತ್ತಿರಬಹುದು. ಅಥವಾ ಇವಾವುವೂ ಅಲ್ಲದೆ, ಒಂದು ರಕ್ತನಾಳಕ್ಕೆ ಇನ್ನೊಂದು ಹೊಲಿಗೆ ಬೇಕಾಗಿರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕೆಂಪು. ಪ್ರಯೋಗಾಲಯಕ್ಕೆ ಕಳುಹಿಸಿದ ಮಾದರಿಯ ವರದಿ ಬರಲು ಮುಕ್ಕಾಲು ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಅಷ್ಟರಲ್ಲಿ ರೋಗಿಯ ಸ್ಥಿತಿಯೇ ಬದಲಾಗಿರುತ್ತದೆ. ಹಾಗಾಗಿ ವೈದ್ಯರು ಅನುಭವದ ಮೇಲೆ ಊಹಿಸಿ ಪ್ಲಾಸ್ಮಾ, ಪ್ಲೇಟ್‌ಲೆಟ್, ಕೆಂಪುಕಣ ಎಲ್ಲವನ್ನೂ ಕೊಡುತ್ತಿದ್ದರು. ಇದು ಅವರ ದೋಷವಲ್ಲ, ಕೈಯಲ್ಲಿ ಅಳತೆಗೋಲು ಇರಲಿಲ್ಲ.

ಆ ಅಳತೆಗೋಲೇ ಎರಡನೆಯ ಪರೀಕ್ಷೆ. ಇದರ ಮೂಲ ತತ್ತ್ವವನ್ನು 1948ರಲ್ಲಿ ಜರ್ಮನಿಯ ಹೆಲ್ಮುಟ್ ಹಾರ್ಟರ್ಟ್ ಪ್ರಕಟಿಸಿದರು. ಇಂದು ಟೆಗ್, ರೋಟೆಮ್ ಎಂಬ ಹೆಸರಿನ ಯಂತ್ರಗಳು ಬಳಕೆಯಲ್ಲಿವೆ. ನಮ್ಮ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಹಾಲಿಗೆ ಹೆಪ್ಪು ಹಾಕುವವರು ಮೂರು ಸಂಗತಿಗಳನ್ನು ನೋಡುತ್ತಾರೆ: ಮೊಸರು ಎಷ್ಟು ಹೊತ್ತಿಗೆ ಕಟ್ಟತೊಡಗಿತು, ಎಷ್ಟು ಗಟ್ಟಿಯಾಯಿತು, ಆಮೇಲೆ ನೀರೊಡೆಯಿತೇ. ಯಂತ್ರವೂ ಇದನ್ನೇ ನೋಡುತ್ತದೆ. ದೇಹದ ಉಷ್ಣದಲ್ಲಿ, ಅಂದರೆ 37 ಡಿಗ್ರಿಯಲ್ಲಿ ಇರಿಸಿದ ಪುಟ್ಟ ಬಟ್ಟಲಿಗೆ ಅರ್ಧ ಮಿಲಿಲೀಟರಿಗೂ ಕಡಿಮೆ ರಕ್ತ ಹಾಕುತ್ತಾರೆ. ಬಟ್ಟಲಿನೊಳಗೆ ಒಂದು ಸಣ್ಣ ಕಡ್ಡಿ; ಎರಡರಲ್ಲಿ ಒಂದು ಮೆಲ್ಲಗೆ ಅತ್ತಿತ್ತ ತಿರುಗುತ್ತಿರುತ್ತದೆ. ರಕ್ತ ಗಟ್ಟಿಯಾದಂತೆ ಎರಡರ ನಡುವಿನ ಬಿಗಿತ ಹೆಚ್ಚುತ್ತದೆ, ಪರದೆಯ ಮೇಲೆ ಗೆರೆ ಅಗಲವಾಗುತ್ತ ಹೋಗುತ್ತದೆ. ಗೆರೆ ತೆರೆಯಲು ತಡವಾದರೆ ಹೆಪ್ಪುಗಟ್ಟಿಸುವ ಅಂಶಗಳ ಕೊರತೆ ಅಥವಾ ಹೆಪಾರಿನ್ನಿನ ಉಳಿಕೆ. ಹೆಪಾರಿನ್ನನ್ನು ಅಳಿಸುವ ಕಿಣ್ವವಿರುವ ಇನ್ನೊಂದು ಬಟ್ಟಲಿನ ಜೊತೆ ಹೋಲಿಸಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಗೆರೆ ತೆಳುವಾಗಿಯೇ ಉಳಿದರೆ ಪ್ಲೇಟ್‌ಲೆಟ್ ಅಥವಾ ಫೈಬ್ರಿನೋಜನ್ ಸಾಲದು. ಅಗಲವಾದ ಗೆರೆ ಮತ್ತೆ ಕಿರಿದಾದರೆ ಹೆಪ್ಪು ಕರಗುತ್ತಿದೆ. ಹತ್ತು ಹದಿನೈದು ನಿಮಿಷದೊಳಗೆ ವೈದ್ಯರ ಕೈಗೆ ಮುಖ್ಯವಾದ ಸುಳಿವು ಸಿಗುತ್ತದೆ.

ಗೆರೆ ಸರಿಯಾಗಿದ್ದೂ ರಕ್ತ ನಿಲ್ಲದಿದ್ದರೆ? ಆಗ ಚೀಲದ ಮೇಲೆ ಚೀಲ ರಕ್ತ ಏರಿಸುವುದನ್ನು ಬಿಟ್ಟು ಹೊಲಿಗೆಯ ಕಡೆಗೆ ಶಸ್ತ್ರವೈದ್ಯರ ಕಣ್ಣು ಹೋಗುತ್ತದೆ. ಈ ಪರೀಕ್ಷೆಯ ಅತಿದೊಡ್ಡ ಉಪಕಾರ ಇದೇ ಎಂದು ನಮಗನಿಸುತ್ತದೆ.

ಫಲವೇನು? ಕೆನಡಾದ ಒಂಟಾರಿಯೊ ಪ್ರಾಂತದ 12 ಆಸ್ಪತ್ರೆಗಳಲ್ಲಿ 7,000ಕ್ಕೂ ಹೆಚ್ಚು ಹೃದಯ ರೋಗಿಗಳನ್ನು ಒಳಗೊಂಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಇಂತಹ ಪರೀಕ್ಷೆಯನ್ನು ನಿಯಮಬದ್ಧವಾಗಿ ಬಳಸತೊಡಗಿದ ಮೇಲೆ ಕೆಂಪುಕಣ ಮತ್ತು ಪ್ಲೇಟ್‌ಲೆಟ್ಟುಗಳ ಬಳಕೆ ಇಳಿಯಿತು, ತೀವ್ರ ರಕ್ತಸ್ರಾವವೂ ತಗ್ಗಿತು. ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಹೇಳಬೇಕು, ಏಕೆಂದರೆ ಯಂತ್ರವಿರುವ ಆಸ್ಪತ್ರೆಯೇ ಶ್ರೇಷ್ಠ, ಇಲ್ಲದ್ದು ಕನಿಷ್ಠ ಎಂದು ಯಾರೂ ತಿಳಿಯಬಾರದು. ಒಂದೊಂದು ಪರೀಕ್ಷೆಯ ಸಾಮಗ್ರಿಗೂ ಹಣ ಬೇಕು, ಗೆರೆಯನ್ನು ಓದಬಲ್ಲ ತರಬೇತಿಯೂ ಬೇಕು. ಇಷ್ಟಾದರೂ ಅನಗತ್ಯವಾಗಿ ರಕ್ತ ಪಡೆಯದಿರುವುದು ರೋಗಿಗೆ ಸಣ್ಣ ಲಾಭವಲ್ಲ. ಪರರ ರಕ್ತದಿಂದ ಶ್ವಾಸಕೋಶಕ್ಕೆ ತೊಂದರೆ, ಅಲರ್ಜಿ, ಸೋಂಕುಗಳ ಅಪಾಯ ಅಲ್ಪವಾದರೂ ಇದ್ದೇ ಇದೆ.

ರಕ್ತ ಕೊಟ್ಟವರ ಕಡೆಯಿಂದಲೂ ಇದನ್ನು ನೋಡಬೇಕು. ಮಠದ ದಾಸೋಹದಲ್ಲಿ ಕುಳಿತವರು ಎಲೆಯಲ್ಲಿ ಒಂದು ಅಗುಳು ಬಿಡಲು ಹಿಂಜರಿಯುತ್ತಾರೆ. ಜಾತ್ರೆಯ ಶಿಬಿರದಲ್ಲಿ ತರುಣನೊಬ್ಬ ಕೊಟ್ಟ ರಕ್ತಕ್ಕೂ ಅದೇ ಮರ್ಯಾದೆ ಸಲ್ಲಬೇಡವೇ? ಅದರಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ಟುಗಳು ಉಳಿಯುವುದು ಐದೇ ದಿನ. ಬೇಡದವರಿಗೆ ಏರಿಸಿದ ಒಂದು ಚೀಲ, ಅದೇ ವಾರ ಡೆಂಗಿಯಿಂದ ರಕ್ತ ಸುರಿಯುತ್ತಿರುವ ಮಗುವಿಗೆ ಸಿಗದೆ ಹೋಗಬಹುದು.

ಇನ್ನು ಕುಟುಂಬದವರು ಮಾಡಬೇಕಾದ ಕೆಲಸ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳು ಪ್ಲೇಟ್‌ಲೆಟ್ಟುಗಳನ್ನು ಮಂಕಾಗಿಸುತ್ತವೆ. ವಿಚಿತ್ರವೆಂದರೆ, ಮೇಲೆ ಹೇಳಿದ ಯಂತ್ರದ ಸಾಮಾನ್ಯ ಪರೀಕ್ಷೆ ಈ ಮಂಕನ್ನು ಸರಿಯಾಗಿ ಗುರುತಿಸಲಾರದು. ಅದನ್ನು ವೈದ್ಯರಿಗೆ ತಿಳಿಸಬೇಕಾದವರು ನೀವೇ. ಕವಾಟದ ರೋಗಿಗಳು ಸೇವಿಸುವ ವಾರ್ಫರಿನ್, ಅಸಿಟ್ರಾಮ್ ಮಾತ್ರೆಗಳ ಬಗೆಗೂ ಹಾಗೆಯೇ. ಆದರೆ ಶಸ್ತ್ರಚಿಕಿತ್ಸೆ ಹತ್ತಿರ ಬಂತೆಂದು ಇವಾವುದನ್ನೂ ನೀವಾಗಿಯೇ ನಿಲ್ಲಿಸಬಾರದು. ಸ್ಟೆಂಟ್ ಅಥವಾ ಲೋಹದ ಕವಾಟ ಇರುವವರಲ್ಲಿ ಅದು ಪ್ರಾಣಕ್ಕೇ ಎರವಾದೀತು. ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ. ಹಲ್ಲು ಕೀಳಿಸಿದಾಗ ರಕ್ತ ಬಹಳ ಹೊತ್ತು ನಿಲ್ಲದೆ ಇದ್ದುದು, ಹೆರಿಗೆಯಲ್ಲಿ ವಿಪರೀತ ಸ್ರಾವವಾದದ್ದು, ಮನೆತನದಲ್ಲಿ ಯಾರಿಗಾದರೂ ಇಂತಹ ತೊಂದರೆ ಇದ್ದದ್ದು, ನಾಟಿ ಔಷಧ ಸೇವಿಸುತ್ತಿರುವುದು, ಎಲ್ಲವನ್ನೂ ಸಂಕೋಚವಿಲ್ಲದೆ ಹೇಳಿರಿ. ಬೆಂಗಳೂರಿನ ಬಸ್ಸು ಹತ್ತುವ ಮುನ್ನ ಮನೆಯಲ್ಲಿರುವ ಮಾತ್ರೆಯ ಹಾಳೆಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಳ್ಳಿರಿ. ಕೊನೆಯ ಮಾತ್ರೆಯನ್ನು ಯಾವ ದಿನ, ಯಾವ ಹೊತ್ತಿಗೆ ನುಂಗಿದ್ದೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗಿಡಿರಿ.