ಹಳೆಯ ಜೀಪಿಗೆ ವಯಸ್ಸೊಂದೇ ಅಳತೆಯೇ?

ಮಲೆನಾಡಿನ ಅಡಿಕೆ, ಕಾಫಿ ತೋಟಗಳ ಬಹಳಷ್ಟು ಮನೆಗಳು ಡಾಂಬರು ರಸ್ತೆಯಿಂದ ಎರಡು-ಮೂರು ಕಿಲೋಮೀಟರು ಒಳಗಿವೆ. ಮಳೆಗಾಲದ ನಾಲ್ಕು ತಿಂಗಳು ಆ ಮಣ್ಣಿನ ಏರುದಾರಿಯಲ್ಲಿ ಸಾಮಾನ್ಯ ಕಾರು ಹೋಗಲಾರದು. ಆಗುಂಬೆ, ಶೃಂಗೇರಿ, ಹೊಸನಗರದ ಸುತ್ತಲಿನ ಒಳಹಳ್ಳಿಗಳಲ್ಲಿ ಗೊಬ್ಬರದ ಚೀಲ, ಅಡುಗೆ ಅನಿಲದ ಸಿಲಿಂಡರು ಬರುವುದು ಜೀಪಿನಲ್ಲಿ. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವರು ಆಸ್ಪತ್ರೆ ಸೇರುವುದೂ ಅದರಲ್ಲೇ. ಆ ಜೀಪು ಅನೇಕ ಮನೆಗಳಲ್ಲಿ ಇಪ್ಪತ್ತು ವರ್ಷ ದಾಟಿದ್ದು, ಎರಡು-ಮೂರು ಕೈ ಬದಲಾಯಿಸಿದ್ದು. ವಾಹನ ನೀತಿಯ ಲೆಕ್ಕದಲ್ಲಿ ಅದು ಗುಜರಿಯ ಬಾಗಿಲಲ್ಲಿ ನಿಂತ ವಸ್ತು.

ಹಳೆಯ ಜೀಪನ್ನು ಇಟ್ಟುಕೊಳ್ಳುವವರನ್ನು ಹವ್ಯಾಸಿಗಳೆಂದು ಪಟ್ಟಣಿಗರು ಭಾವಿಸುವುದುಂಟು. ಹವ್ಯಾಸಿಗಳೂ ಇದ್ದಾರೆ, ಅವರ ಮಾತು ಬೇರೆ. ಕೃಷಿಕನದು ಶುದ್ಧ ಲೆಕ್ಕಾಚಾರ. ನಾಲ್ಕು ಚಕ್ರ ಚಾಲನೆಯ ಹೊಸ ವಾಹನಕ್ಕೆ ಇಂದು ಹತ್ತು ಲಕ್ಷ ರೂಪಾಯಿಗೂ ಮಿಕ್ಕಿ ಬೇಕು. ಅದು ವರ್ಷಕ್ಕೆ ಒಂದು ಲಕ್ಷದಷ್ಟು ಮೌಲ್ಯ ಕಳೆದುಕೊಳ್ಳುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡಿಸುವವನಿಗೆ, ಇಂಧನ ಹಾಕುವ ಮೊದಲೇ ಕಿ.ಮೀ.ಗೆ 25 ರೂಪಾಯಿ ಬೀಳುತ್ತದೆ. ಹಳೆಯ ಜೀಪಿನ ಸವಕಳಿ ಎಂದೋ ಮುಗಿದಿರುತ್ತದೆ. ಅದರ ದುರಸ್ತಿಗೆ ವರ್ಷಕ್ಕೆ 40,000 ರೂಪಾಯಿ ಸುರಿದರೂ ಕಿ.ಮೀ.ಗೆ ಹತ್ತೇ ರೂಪಾಯಿ.

ಈ ಲೆಕ್ಕ ಕೈಗೂಡಬೇಕಾದರೆ ಕೊಂಡ ಜೀಪು ಒಳ್ಳೆಯದಾಗಿರಬೇಕು. ಕಷ್ಟವಿರುವುದು ಅಲ್ಲಿ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಆರಿಸಿಕೊಂಡಿತ್ತು. ಮಾರುವವನಿಗೆ ವಾಹನದ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಒಳ್ಳೆಯ ವಾಹನಕ್ಕೂ ತಕ್ಕ ಬೆಲೆ ಬಾರದೆ, ಅದು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತದೆ. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ತಂದ ವಿಚಾರವಿದು. ನಮ್ಮ ಊರುಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ, ನಂಬಿಕೆಯ ಮೆಕ್ಯಾನಿಕ್. ಅವನು ಮೊದಲು ನೋಡುವುದು ಬಣ್ಣವನ್ನಲ್ಲ. ಕೆಳಗೆ ನುಸುಳಿ ಚಾಸಿಗೆ ತುಕ್ಕು ಹಿಡಿದಿದೆಯೇ, ಬೆಸುಗೆ ಹಾಕಿದ ಗುರುತುಗಳಿವೆಯೇ ಎಂದು ಸುತ್ತಿಗೆಯಿಂದ ಬಡಿದು ನೋಡುತ್ತಾನೆ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್‌.ಸಿ. ಪುಸ್ತಕದೊಂದಿಗೆ ತಾಳೆಯಾಗಬೇಕು. ಎಂಜಿನ್ ಬದಲಾಯಿಸಿ ದಾಖಲೆಯಲ್ಲಿ ನಮೂದಿಸದ ಜೀಪು ಎಷ್ಟೇ ಅಗ್ಗವಾದರೂ ಮುಂದೆ ನವೀಕರಣದ ವೇಳೆ ತಲೆನೋವು ತರುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಹೋಗುವ ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕೆಸರಿನಲ್ಲಿ ಓಡಿಸಿಯೇ ತಿಳಿಯಬೇಕು. ಅಂಗಳದಲ್ಲಿ ಲಿವರ್ ಎಳೆದು ನೋಡಿದರೆ ಸಾಲದು.

ಕೊಂಡ ಮೇಲಿನ ಪಾಲನೆಗೆ ತನ್ನದೇ ಶಿಸ್ತಿದೆ. ಹಳೆಯ ಜೀಪು ಮತ್ತು ಜಿಪ್ಸಿಗಳಲ್ಲಿ ನಾಲ್ಕು ಚಕ್ರ ಚಾಲನೆಗೆ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಅವು ಕ್ರಮಿಸುವ ದೂರ ಒಂದೇ ಅಲ್ಲ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಗೇರುಗಳ ಮೇಲೂ ಟೈರುಗಳ ಮೇಲೂ ಹೊರೆ ಬೀಳುತ್ತದೆ. ಘಾಟಿಯ ರಸ್ತೆಯಲ್ಲಿ ಪ್ರತಿಷ್ಠೆಗಾಗಿ ಅದನ್ನು ಹಾಕಿಕೊಂಡು ಹೋಗುವವರು ಮೆಕ್ಯಾನಿಕ್‌ನ ಅನ್ನದಾತರು. ಹೊಳೆ ದಾಟುವಾಗ, ಬಿಸಿಯಾದ ಆಕ್ಸಲ್ ಹೌಸಿಂಗ್ ಥಟ್ಟನೆ ತಣ್ಣಗಾಗಿ, ಸವೆದ ಸೀಲುಗಳ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮರುದಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಕೂಡಲೇ ಬದಲಾಯಿಸಬೇಕು. ಡ್ರಮ್ ಬ್ರೇಕುಗಳು ನೆನೆದ ಮೇಲೆ ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲವಾದ್ದರಿಂದ, ದಾಟಿದ ಮೇಲೆ ಮೆಲ್ಲಗೆ ಒತ್ತುತ್ತಾ ಅವನ್ನು ಒಣಗಿಸಿಕೊಳ್ಳಬೇಕು. ಬೇಸಿಗೆಯಲ್ಲಿಯೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಮುಂಚಕ್ರಗಳನ್ನು ದುಡಿಸಿದರೆ ಒಳಗೆ ಎಣ್ಣೆ ಹರಿದಾಡುತ್ತದೆ. ಸುಮ್ಮನೆ ನಿಂತ ಜೀಪು ಓಡುವ ಜೀಪಿಗಿಂತ ಬೇಗ ಕೆಡುತ್ತದೆ.

ಇಂಥ ವಾಹನಗಳು ಮಲೆನಾಡಿಗೆ ಬರುತ್ತಿದ್ದ ದೊಡ್ಡ ದಾರಿಯೊಂದು ಈಗ ಮುಚ್ಚಿದೆ. ಅರಣ್ಯ, ಕಂದಾಯ ಮುಂತಾದ ಇಲಾಖೆಗಳು ಹಳೆಯ ಜೀಪುಗಳನ್ನು ಹರಾಜು ಹಾಕುತ್ತಿದ್ದವು. ಸೇವೆಯಲ್ಲಿದ್ದಾಗ ಅಂಥ ಹರಾಜುಗಳನ್ನು ನಾನೂ ನಡೆಸಿದ್ದೇನೆ. ಎಲ್ಲವೂ ನಾಲ್ಕು ಚಕ್ರ ಚಾಲನೆಯವಾಗಿರಲಿಲ್ಲ. ಆದರೆ ಪ್ರತಿ ಜೀಪಿಗೂ ಲಾಗ್ ಪುಸ್ತಕವಿರುತ್ತಿತ್ತು. ಎಷ್ಟು ಓಡಿತು, ಯಾವಾಗ ಏನು ದುರಸ್ತಿಯಾಯಿತು ಎಂಬುದಕ್ಕೆ ಬರಹದ ದಾಖಲೆಯಿತ್ತು. ಅಕರ್ಲಾಫ್ ಹೇಳಿದ ಅಜ್ಞಾನಕ್ಕೆ ಅದೊಂದು ಮದ್ದಾಗಿತ್ತು. 2023ರ ಏಪ್ರಿಲ್ 1ರಿಂದ 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣಗೊಳ್ಳುವುದಿಲ್ಲ. ಅವು ನೇರವಾಗಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು.

ಖಾಸಗಿ ವಾಹನಗಳಿಗೆ ಇಷ್ಟು ಕಠಿಣ ನಿಯಮವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಂತೆ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅನಂತರ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಶುಲ್ಕದ ಗತಿ ನೋಡಿ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆ 20 ವರ್ಷ ದಾಟಿದ ಲಘು ವಾಹನಗಳಿಗೆ ಅದನ್ನು 10,000 ರೂಪಾಯಿ ಮಾಡಿತು. ಮಾಲಿನ್ಯ ತಗ್ಗಿಸುವುದೇ ಉದ್ದೇಶವಾದರೆ ಇದು ಒರಟು ಅಳತೆ. ಒಂದು ವಾಹನ ಉಗುಳುವ ಒಟ್ಟು ಹೊಗೆ, ಕಿಲೋಮೀಟರಿಗೆ ಉಗುಳುವ ಪ್ರಮಾಣ ಮತ್ತು ಓಡಿದ ದೂರ ಇವೆರಡರ ಗುಣಲಬ್ಧ. ದೆಹಲಿಯಲ್ಲಿ ದಿನವಿಡೀ ಓಡುವ ಹಳೆಯ ಡೀಸೆಲ್ ವಾಹನಕ್ಕೂ, ವಾರಕ್ಕೆರಡು ಬಾರಿ ಪೇಟೆಗೆ ಹೋಗಿಬರುವ ಕಳಸದ ಜೀಪಿಗೂ ವಯಸ್ಸು ಒಂದೇ ಇರಬಹುದು, ಹಾನಿ ಒಂದೇ ಅಲ್ಲ.

ಹಳೆಯದೆಲ್ಲವೂ ಉಳಿಯಲಿ ಎಂಬುದು ನನ್ನ ವಾದವಲ್ಲ. ಮೂರು ಸಾಲು ಜನ ತುಂಬಿಕೊಂಡು, ಸವೆದ ಬ್ರೇಕಿನಲ್ಲಿ ಘಾಟಿ ಇಳಿಯುವ ಜೀಪುಗಳನ್ನು ಕಂಡಿದ್ದೇನೆ. ಅವನ್ನು ನಾಳೆಯೇ ನಿಲ್ಲಿಸಿದರೂ ನನಗೆ ದುಃಖವಿಲ್ಲ. ತಪಾಸಣೆ ಕಠಿಣವಾಗಲಿ. ಬ್ರೇಕು, ಸ್ಟೀರಿಂಗು, ಚಾಸಿ, ಹೊಗೆ ಇವುಗಳಲ್ಲಿ ಸೋತ ವಾಹನ ಹತ್ತೇ ವರ್ಷದ್ದಾದರೂ ರಸ್ತೆ ಬಿಡಲಿ, ಗೆದ್ದದ್ದಕ್ಕೆ ಸಾಧಾರಣ ಶುಲ್ಕವಿರಲಿ, ಓಡಿದ ದೂರವೂ ಗಣನೆಗೆ ಬರಲಿ. ಪರೀಕ್ಷೆ ನಡೆಸುವ ಜಾಗ ತಾಲ್ಲೂಕು ಕೇಂದ್ರಕ್ಕೆ ಹತ್ತಿರವಿರಬೇಕು. ವಾರಕ್ಕೊಂದು ದಿನ ಸಂಚಾರಿ ತಪಾಸಣೆ ನಡೆಸುವುದೂ ಸಾಧ್ಯ. ಶುಲ್ಕವೂ ದೂರವೂ ಹೊರೆಯಾದರೆ ನವೀಕರಣವನ್ನೇ ಬಿಟ್ಟು ತೋಟದ ದಾರಿಯಲ್ಲಿ ಜೀಪು ಓಡಿಸುವ ರೂಢಿ ಬೆಳೆಯುತ್ತದೆ. ನವೀಕರಣ ಬಿಟ್ಟವನು ವಿಮೆಯನ್ನೂ ಬಿಡುತ್ತಾನೆ. ಆಗ ಅಪಘಾತದಲ್ಲಿ ಗಾಯಗೊಂಡ ದಾರಿಹೋಕ ಪರಿಹಾರಕ್ಕಾಗಿ ಆ ಮಾಲೀಕನ ತೋಟದ ಮೇಲೆ ದಾವೆ ಹೂಡಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ.