ಮುಂಗಡ ಪಟ್ಟಿಯ ಉದ್ದದಿಂದ ಆಟವನ್ನು ಅಳೆಯಬಹುದೇ?

ಕೊಕ್ಕರ್ಣೆಯ ಸುತ್ತಮುತ್ತ ಯಾರ ಮನೆಯಲ್ಲಾದರೂ ಯಕ್ಷಗಾನದ ಹರಕೆ ಆಟ ಇದೆಯೆಂದರೆ ಬರುವ ಮೊದಲ ಪ್ರಶ್ನೆ: ‘ಎಷ್ಟು ವರ್ಷದ ಹಿಂದೆ ಬುಕ್ ಮಾಡಿದ್ದು?’ ಹತ್ತಿರದ ಮಂದಾರ್ತಿಯ ಶ್ರೀ ದುರ್ಗಾಪರಮೇಶ್ವರೀ ದೇವಸ್ಥಾನಕ್ಕೆ ಐದು ಮೇಳಗಳಿವೆ. ಆದರೂ ಇಂದು ಹೆಸರು ಬರೆಸಿದವರು ತಮ್ಮ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಕಲೆಯೊಂದಕ್ಕೆ ಇಷ್ಟು ಬೇಡಿಕೆ ಇರುವುದು ನಮ್ಮ ಊರಿನ ಹೆಮ್ಮೆ. ಆದರೆ ಆ ಪಟ್ಟಿಯನ್ನೇ ತೋರಿಸಿ ‘ಯಕ್ಷಗಾನಕ್ಕೆ ಇನ್ನೇನೂ ಭಯವಿಲ್ಲ’ ಎಂದು ತೀರ್ಪು ಕೊಡುವುದು ಕಲೆಗೂ ಕಲಾವಿದರಿಗೂ ಒಳ್ಳೆಯದಲ್ಲ. ಈ ಬಗ್ಗೆ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಪಟ್ಟಿ ಉದ್ದವಿದ್ದಷ್ಟೂ ಮೇಳ ಗೆದ್ದಂತೆ.

ವಾಸ್ತವ: ಪಟ್ಟಿಯ ಉದ್ದಕ್ಕೆ ಬೇಡಿಕೆಯಷ್ಟೇ ಅಲ್ಲ, ಇರುವ ರಾತ್ರಿಗಳ ಸಂಖ್ಯೆಯೂ ಕಾರಣ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ ಮಳೆಗಾಲಕ್ಕೆ ಮುಂಚೆ ತಿರುಗಾಟ ಮುಗಿಸುತ್ತದೆ. ಆರು ತಿಂಗಳೆಂದರೆ ಸುಮಾರು 180 ರಾತ್ರಿ. ಐದು ಮೇಳಗಳಿಗೆ ಸುಮಾರು 900 ಆಟ. ಅದರಲ್ಲೂ ಕೆಲವು ರಾತ್ರಿಗಳು ಪ್ರತಿವರ್ಷ ತಪ್ಪದೆ ನಡೆಯುವ ಕಟ್ಟುಕಟ್ಟಳೆ ಆಟಗಳಿಗೆ ಮೀಸಲು. ವರ್ಷಕ್ಕೆ ಸಾವಿರ ಹೊಸ ಹೆಸರು ಸೇರುತ್ತವೆ ಎಂದಿಟ್ಟುಕೊಂಡರೆ, ಕನಿಷ್ಠ ನೂರು ಹೆಸರು ಮುಂದಿನ ವರ್ಷಕ್ಕೆ ಉಳಿಯುತ್ತವೆ. ಹೀಗೆ ವರ್ಷವರ್ಷವೂ ಉಳಿದದ್ದು ಸೇರಿ ಸಾಲು ಬೆಳೆಯುತ್ತದೆ. ನಾಳೆ ಇನ್ನೆರಡು ಮೇಳ ಹೊರಡಿಸಿದರೆ ಅದೇ ಸಾಲು ಗಿಡ್ಡವಾಗುತ್ತದೆ. ಆಗ ಮೇಳ ಸೋತಿತೆಂದು ಯಾರಾದರೂ ಹೇಳುತ್ತಾರೆಯೇ? ಪಟ್ಟಿಯಲ್ಲಿರುವ ಹರಕೆಗಳಲ್ಲಿ ಬಹಳ ಹಿಂದೆ ಹೊತ್ತವೂ ಇವೆ. ತಂದೆ ಬರೆಸಿದ ಆಟವನ್ನು ಮಗ ಆಡಿಸುವುದು ನಮ್ಮಲ್ಲಿ ಹೊಸದಲ್ಲ. ಅಂಥ ಪಟ್ಟಿಯಿಂದ ಇಂದಿನ ಮೇಳದ ಗುಣ ತಿಳಿಯುವುದಿಲ್ಲ.

ತಪ್ಪು ಕಲ್ಪನೆ 2: ಬುಕ್ ಮಾಡಿದವರೆಲ್ಲ ಯಕ್ಷಗಾನದ ಪ್ರೇಕ್ಷಕರು.

ವಾಸ್ತವ: ಹರಕೆ ಆಟದಲ್ಲಿ ಹಣ ಕೊಡುವವರು ಬೇರೆ, ನೋಡುವವರು ಬೇರೆ. ಮಗಳ ಮದುವೆ, ಮಗುವಿನ ಕಾಯಿಲೆ, ಮನೆ ಕಟ್ಟುವ ಕೆಲಸ ಇಂಥವಕ್ಕಾಗಿ ಅಮ್ಮನಿಗೆ ಹರಕೆ ಹೊತ್ತವರು ಮೇಳಕ್ಕೆ ವೀಳ್ಯ ಕೊಡುತ್ತಾರೆ. ಊರಿನವರು ಬಿಟ್ಟಿಯಾಗಿ ನೋಡುತ್ತಾರೆ. ಹೆಸರು ಬರೆಸುವವರು ಭಾಗವತರು ಯಾರು, ಎರಡನೇ ವೇಷ ಯಾರದು ಎಂದು ವಿಚಾರಿಸಿ ಬರೆಸುವುದಲ್ಲ. ಪಟ್ಟಿ ಅಳೆಯುವುದು ದೇವಿಯ ಮೇಲಿನ ನಂಬಿಕೆಯನ್ನು. ಅದು ದೊಡ್ಡದೇ. ಆದರೆ ಊಟ ಮುಗಿಸಿ ಎದ್ದುಹೋದವರೆಷ್ಟು, ಬೆಳಗಿನ ಜಾವದ ಪದ್ಯದವರೆಗೆ ಕೂತವರೆಷ್ಟು ಎಂಬುದನ್ನು ಪಟ್ಟಿ ಹೇಳಲಾರದು. ಕಲೆಯ ಆರೋಗ್ಯ ತಿಳಿಯಬೇಕಾದರೆ ಆ ಎರಡನೇ ಲೆಕ್ಕವೇ ಬೇಕು.

ತಪ್ಪು ಕಲ್ಪನೆ 3: ಆಟಗಳ ಸಂಖ್ಯೆ ಇಳಿಯದಿದ್ದರೆ ಏನೂ ನಷ್ಟವಾಗಿಲ್ಲ.

ವಾಸ್ತವ: ಕಟೀಲು ಮೇಳಗಳು 2022ರಲ್ಲಿ ಕಾಲಮಿತಿ ಪ್ರದರ್ಶನ ಆರಂಭಿಸಿದಾಗ ಈ ಮಾತು ಸರಿಯಲ್ಲವೆಂಬುದು ಕಣ್ಣಿಗೆ ಕಂಡಿತು. ಬೆಳಗಿನವರೆಗೆ ನಡೆದರೂ ಒಂದು ಆಟ, ನಡುರಾತ್ರಿಗೆ ಮುಗಿದರೂ ಒಂದು ಆಟ. ಲೆಕ್ಕದ ಪುಸ್ತಕದಲ್ಲಿ ಎರಡೂ ಸಮ. ರಂಗಸ್ಥಳದಲ್ಲಿ ಸಮವಲ್ಲ. ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಒಡ್ಡೋಲಗಕ್ಕೆ, ನಿಧಾನ ಲಯದ ಪದ್ಯಗಳಿಗೆ. ಹೊಸ ಹುಡುಗರು ಕೋಡಂಗಿ, ಬಾಲಗೋಪಾಲ ವೇಷ ಮಾಡಿ ಹೆಜ್ಜೆ ಗಟ್ಟಿ ಮಾಡಿಕೊಳ್ಳುತ್ತಿದ್ದ ಹೊತ್ತೇ ಅದು. ಕಾಲಮಿತಿಯಿಂದ ದುಡಿಯುವವರಿಗೆ ನಿದ್ದೆ ಸಿಗುತ್ತದೆ, ಮಕ್ಕಳೂ ಕೂತು ನೋಡಬಹುದು. ಆ ಲಾಭವೂ ನಿಜ. ಎರಡನ್ನೂ ತೂಗಿ ನೋಡಲು ಆಟಗಳ ಎಣಿಕೆ ನೆರವಾಗುವುದಿಲ್ಲ.

ತಪ್ಪು ಕಲ್ಪನೆ 4: ಟಿಕೆಟಿನ ಡೇರೆ ಮೇಳದ ಕಲೆಕ್ಷನ್ನೇ ಸರಿಯಾದ ಅಳತೆಯಾಗಿತ್ತು.

ವಾಸ್ತವ: ಡೇರೆಯಲ್ಲಿ ನೋಡುವವರೇ ಹಣ ಕೊಡುತ್ತಿದ್ದರು. ಹಾಗಾಗಿ ಆ ಲೆಕ್ಕ ಹರಕೆಯ ಪಟ್ಟಿಗಿಂತ ಕಲೆಗೆ ಹತ್ತಿರದ್ದು. ಆದರೂ ಅದು ಒಂದು ರಾತ್ರಿಯ ಲೆಕ್ಕ. ತೆಂಕಿನ ಸುರತ್ಕಲ್ ಮೇಳ, ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳ ಡೇರೆ ತುಂಬಿಸಿ ಮೆರೆದವು. ಇಂದು ಎರಡೂ ಇಲ್ಲ. ಸುರತ್ಕಲ್ ಮೇಳದಲ್ಲಿ ಮೆರೆದ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಮಾತ್ರ ಜನ ಇಂದಿಗೂ ಹುಡುಕಿ ಕೇಳುತ್ತಾರೆ. ಬಡಗಿನಲ್ಲಿ ನಾರ್ಣಪ್ಪ ಉಪ್ಪೂರರ ಬಳಿ ಕಲಿತ ಕಾಳಿಂಗ ನಾವಡರು ಸಾಲಿಗ್ರಾಮ ಮೇಳಕ್ಕೆ ಜನಸಾಗರ ತಂದರು. 1990ರಲ್ಲಿ ಅವರು ತೀರಿಕೊಂಡು ಮೂರು ದಶಕ ಕಳೆದರೂ ಅವರ ‘ನಾಗಶ್ರೀ’ ಪ್ರಸಂಗ ರಂಗವೇರುತ್ತಲೇ ಇದೆ, ಅವರ ಶೈಲಿಯ ನೆರಳು ಇಂದಿನ ಭಾಗವತಿಕೆಯಲ್ಲಿದೆ. ಅಂದಿನ ಕಲೆಕ್ಷನ್ ಎಷ್ಟೆಂದು ಈಗ ಯಾರೂ ಕೇಳುವುದಿಲ್ಲ.

ತಪ್ಪು ಕಲ್ಪನೆ 5: ಸಂಖ್ಯೆ ಇಳಿಯಿತೆಂದರೆ ಕಥೆ ಮುಗಿಯಿತು.

ವಾಸ್ತವ: ಈ ಭ್ರಮೆ ನಮ್ಮ ಮೇಳಗಳಿಗೆ ಮಾತ್ರ ಅಂಟಿದ್ದಲ್ಲ. ತಿಂಗಳ ಚಂದಾ ಕಟ್ಟಿ, ಒಂದು ಪಾತ್ರ ಧರಿಸಿ, ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ಗೇಮುಗಳಿವೆ. ಅವುಗಳಲ್ಲಿ ಹೆಸರಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗೆ 2010ರಲ್ಲಿ 1.2 ಕೋಟಿ ಚಂದಾದಾರರಿದ್ದರು. 2015ಕ್ಕೆ ಅದು 55 ಲಕ್ಷಕ್ಕೆ ಇಳಿದಾಗ ಕಂಪನಿ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಗೇಮ್ ನಿಲ್ಲಲಿಲ್ಲ, ಇಂದಿಗೂ ನಡೆಯುತ್ತಿದೆ. ಆ ಅಂಕಿಯೂ ಸರಳವಾಗಿರಲಿಲ್ಲ: ಅದರಲ್ಲಿ ಚೀನಾದಲ್ಲಿ ಗಂಟೆಗಿಷ್ಟೆಂದು ಹಣ ಕೊಟ್ಟು ಆಡುವವರೂ ಸೇರಿದ್ದರು. ಚಂದಾದಾರ ಎಂದರೆ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಇನ್ನೊಂದು ಗೇಮ್, ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’, 2011ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮೂರೇ ದಿನದಲ್ಲಿ ಹತ್ತು ಲಕ್ಷ ಜನರನ್ನು ಸೆಳೆದಿತ್ತು. ಮುಂದಿನ ನವೆಂಬರಿನೊಳಗೆ ಚಂದಾ ಇಲ್ಲದೆಯೂ ಆಡಲು ಬಿಡಬೇಕಾಯಿತು. ಐಸ್‌ಲ್ಯಾಂಡಿನ ‘ಈವ್ ಆನ್‌ಲೈನ್’ ಆ ದೊಡ್ಡ ಸಂಖ್ಯೆಗಳ ಹತ್ತಿರಕ್ಕೂ ಹೋಗಲಿಲ್ಲ, ಆದರೆ ತನ್ನ ನಿಷ್ಠಾವಂತ ಆಟಗಾರರನ್ನು ನೆಚ್ಚಿಕೊಂಡು 2003ರಿಂದಲೂ ಬಾಳಿದೆ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಬಂದವರು ಎಷ್ಟು ಕಾಲ ನಿಂತರು ಎನ್ನುವುದು ದೊಡ್ಡದು.

ತಪ್ಪು ಕಲ್ಪನೆ 6: ಬುಕ್ಕಿಂಗ್ ಇಲ್ಲದ ಸಣ್ಣ ತಂಡಗಳು ಲೆಕ್ಕಕ್ಕಿಲ್ಲ.

ವಾಸ್ತವ: ಮೇಳಗಳಿಗೆ ನಾಳೆ ಕಲಾವಿದರು ಬೇಕಲ್ಲ, ಅವರನ್ನು ತಯಾರು ಮಾಡುವವರು ಯಾರು? 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರಕ್ಕೆ ದಶಕಗಳ ಸಾಲಿಲ್ಲ. ಆದರೆ ಮಟಪಾಡಿಯ ವೀರಭದ್ರ ನಾಯಕರಂಥ ಗುರುಗಳ ವಿದ್ಯೆ ಮುಂದಿನ ಪೀಳಿಗೆಗೆ ದಾಟಿದ್ದು ಅಲ್ಲಿ. ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆಯವರು 1975ರಲ್ಲಿ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಎಳೆಯರ ಕಾಲಿಗೆ ಗೆಜ್ಜೆ ಕಟ್ಟಿಸಿ ವಿದೇಶಕ್ಕೂ ಹೋಗಿಬಂತು. ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕ್ಷೇಮಕ್ಕಾಗಿ ದುಡಿಯುತ್ತಿದೆ. ನಮ್ಮ ಬ್ರಹ್ಮಾವರದ ಮಗ್ಗುಲಿನ ಹಾರಾಡಿ, ಮಟಪಾಡಿ ಎಂಬ ಸಣ್ಣ ಊರುಗಳ ಹೆಸರಿನಲ್ಲಿ ಎರಡು ತಿಟ್ಟುಗಳೇ ನಿಂತಿವೆ. ಆ ಹೆಸರು ಬಂದದ್ದು ಆಟಗಳ ಸಂಖ್ಯೆಯಿಂದಲ್ಲ. ಹಾರಾಡಿ ರಾಮ ಗಾಣಿಗರಂಥವರು ವೇಷ ಕಟ್ಟಿ ನಿಂತ ಘನತೆಯಿಂದ.

ಹಾಗಾದರೆ ಯಾವುದನ್ನು ಎಣಿಸಬೇಕು? ಮುಂದಿನ ತಿರುಗಾಟ ಹೊರಡುವಾಗ ಎಷ್ಟು ಆಟ ಬುಕ್ ಆಗಿದೆ ಎಂಬುದರ ಜೊತೆಗೆ ಇವನ್ನೂ ಕೇಳೋಣ. ಈ ವರ್ಷ ಹೊಸದಾಗಿ ಗೆಜ್ಜೆ ಕಟ್ಟಿದವರೆಷ್ಟು? ಐದು ವರ್ಷದ ಹಿಂದೆ ಸೇರಿದವರಲ್ಲಿ ಮೇಳದಲ್ಲೇ ಉಳಿದವರೆಷ್ಟು? ಮಳೆಗಾಲದಲ್ಲಿ ಅವರ ಮನೆ ಯಾವುದರಿಂದ ನಡೆಯುತ್ತದೆ? ಅನಾರೋಗ್ಯಕ್ಕೆ ವಿಮೆ ಇದೆಯೇ? ದೇವೀ ಮಹಾತ್ಮೆಯಂಥ ಬೇಡಿಕೆಯ ಪ್ರಸಂಗದ ಹೊರತಾಗಿ ಎಷ್ಟು ಹಳೆಯ ಪ್ರಸಂಗ ರಂಗಕ್ಕೆ ಬಂತು? ಬೆಳಗಾದ ಮೇಲೆ ‘ನಿನ್ನೆ ಆಟ ಹ್ಯಾಂಗಾಯ್ತ್?’ ಎಂದು ಕೇಳಿದರೆ ಪದ್ಯ, ವೇಷ, ಮಾತುಗಳ ಬಗ್ಗೆ ವಾದಿಸುವವರು ಊರಿನಲ್ಲಿ ಎಷ್ಟು ಜನ ಇದ್ದಾರೆ? ಪಟ್ಟಿಯನ್ನು ಉದ್ದ ಮಾಡುವ ಕೆಲಸವನ್ನು ನಂಬಿಕೆ ತಾನಾಗಿಯೇ ಮಾಡುತ್ತದೆ. ಈ ಪ್ರಶ್ನೆಗಳಿಗೆ ಒಳ್ಳೆಯ ಉತ್ತರ ಸಿಗುವಂತೆ ನೋಡಿಕೊಳ್ಳುವುದು ಸೇವಾಕರ್ತರು, ಆಡಳಿತ ಮಂಡಳಿಗಳು, ಪ್ರೇಕ್ಷಕರಾದ ನಾವು ಎಲ್ಲರೂ ಸೇರಿ ಮಾಡಬೇಕಾದ ಕೆಲಸ.